ಸವೆದ ಡಿಸ್ಕಿಗೆ ಸ್ಟೆಮ್ ಸೆಲ್ ಇಂಜೆಕ್ಷನ್: ದುಡ್ಡು ಕಟ್ಟುವ ಮುಂಚೆ

ಪ್ರಶ್ನೆ: ನಾನು ಶಿಡ್ಲಘಟ್ಟ ತಾಲ್ಲೂಕಿನ ರೇಷ್ಮೆ ಬೆಳೆಗಾರ, ವಯಸ್ಸು 44. ಮೂರು ವರ್ಷದಿಂದ ಸೊಂಟ ನೋವು. ಸೊಪ್ಪಿನ ಹೊರೆ ಎತ್ತಿದ ದಿನ ಜಾಸ್ತಿ, ಮಲಗಿದರೆ ಕಡಿಮೆ. ಕಾಲಿಗೆ ಎಳೆತ ಅಪರೂಪ. ಎಂಆರ್‌ಐ ವರದಿಯಲ್ಲಿ ಎಲ್4–ಎಲ್5 ಡಿಸ್ಕ್ ಫಿರ್‌ಮನ್ ಗ್ರೇಡ್ 4, ಎಲ್5–ಎಸ್1 ಗ್ರೇಡ್ 3, ಸಣ್ಣ ಬಲ್ಜ್ (ಡಿಸ್ಕ್ ಹೊರಕ್ಕೆ ಉಬ್ಬಿರುವುದು) ಎಂದಿದೆ. ಬೆಂಗಳೂರಿನ ಒಂದು ಕ್ಲಿನಿಕ್ಕಿನಲ್ಲಿ, ನನ್ನದೇ ಸೊಂಟದ ಮೂಳೆಯಿಂದ ಸ್ಟೆಮ್ ಸೆಲ್ ತೆಗೆದು ಅದೇ ದಿನ ಡಿಸ್ಕಿಗೆ ಹಾಕುತ್ತೇವೆ, ಡಿಸ್ಕ್ ಮತ್ತೆ ಬೆಳೆಯುತ್ತದೆ, ಎರಡು ಡಿಸ್ಕಿಗೆ ಮೂರು ಲಕ್ಷ ಎಂದರು. ಗೂಡು ಮಾರಿದ ದುಡ್ಡು ಎತ್ತಿಟ್ಟಿದ್ದೇನೆ. ಮಾಡಿಸಬಹುದಾ?

ಉತ್ತರ: ಬೇಡ, ಆ ದುಡ್ಡು ಕಟ್ಟಬೇಡಿ. ಡಿಸ್ಕಿಗೆ ಸ್ಟೆಮ್ ಸೆಲ್, ಅಂದರೆ ಬೇರೆ ಬಗೆಯ ಜೀವಕೋಶವಾಗಿ ಬೆಳೆಯಬಲ್ಲ ಮೂಲ ಜೀವಕೋಶ, ಹಾಕುವ ಸಂಶೋಧನೆ ಸುಳ್ಳಲ್ಲ, ಅಮೆರಿಕ, ಯುರೋಪಿನಲ್ಲಿ ಗಂಭೀರವಾಗಿಯೇ ನಡೆಯುತ್ತಿದೆ. ಆದರೆ ನಿಮಗೆ ಹೇಳಿರುವುದು ಆ ಸಂಶೋಧನೆಗಳಲ್ಲಿ ಕೊಟ್ಟ ಚಿಕಿತ್ಸೆಯಲ್ಲ. ಅಲ್ಲಿ ಕೊಟ್ಟದ್ದೂ ಇನ್ನೂ ತನ್ನನ್ನು ಸಾಬೀತು ಮಾಡಿಕೊಂಡಿಲ್ಲ. ಯಾಕೆ ಎನ್ನುವುದು ನಿಮಗೆ ಪೂರ್ತಿ ಗೊತ್ತಾಗಬೇಕು. ಇಲ್ಲದಿದ್ದರೆ ಮುಂದಿನ ತಿಂಗಳು ಇನ್ನೊಬ್ಬರು ಇದನ್ನೇ ಬೇರೆ ಹೆಸರಿನಲ್ಲಿ ಹೇಳಿದಾಗ ಮತ್ತೆ ಅದೇ ಗೊಂದಲ ಬರುತ್ತದೆ.

ಮೊದಲು ಡಿಸ್ಕ್ ಏನು ಅಂತ ನೋಡೋಣ. ಅದು ಬೆನ್ನುಮೂಳೆಯ ಎರಡು ಬಿಲ್ಲೆಗಳ ನಡುವಿನ ಮೆತ್ತೆ. ಎಲ್4–ಎಲ್5 ಎಂದರೆ ಸೊಂಟದ ನಾಲ್ಕನೇ, ಐದನೇ ಬಿಲ್ಲೆಗಳ ನಡುವಿನದು, ಎಲ್5–ಎಸ್1 ಅದರ ಕೆಳಗಿನದು. ಒಳಗೆ ನೀರು ಹಿಡಿದಿಟ್ಟುಕೊಂಡ ಮೆತ್ತನೆಯ ತಿರುಳು, ಸುತ್ತ ಪದರ ಪದರವಾಗಿ ನಾರಿನ ಉಂಗುರ, ಮೇಲೆ ಕೆಳಗೆ ಮೂಳೆಗೆ ಅಂಟಿಕೊಂಡ ತೆಳುವಾದ ಮೃದ್ವಸ್ಥಿಯ ತಟ್ಟೆ. ಈ ತಟ್ಟೆಗೆ ಎಂಡ್‌ಪ್ಲೇಟ್ ಎನ್ನುತ್ತಾರೆ. ನೀರು ಹಿಡಿಯುವುದು ಅಗ್ರಿಕಾನ್ ಎಂಬ ದೊಡ್ಡ ಅಣು. ಅದನ್ನು ತಯಾರಿಸಿ ದುರಸ್ತಿ ಮಾಡುತ್ತಾ ಇರುವುದು ತಿರುಳಿನ ಜೀವಕೋಶಗಳು. ಒಂದು ಮಿಲಿಲೀಟರ್ ತಿರುಳಿನಲ್ಲಿ ಇರುವುದೇ ಸುಮಾರು 40 ಲಕ್ಷ ಜೀವಕೋಶ. ಬೇರೆ ಅಂಗಾಂಶಗಳಿಗೆ ಹೋಲಿಸಿದರೆ ಇದು ತೀರಾ ಕಡಿಮೆ. ಅಷ್ಟು ಕಡಿಮೆ ಇರುವುದಕ್ಕೆ ಕಾರಣವಿದೆ. ದೊಡ್ಡವರ ಡಿಸ್ಕಿನ ತಿರುಳಿಗೆ ರಕ್ತನಾಳವೇ ಇಲ್ಲ. ಗ್ಲುಕೋಸ್, ಆಮ್ಲಜನಕ ಎರಡೂ ಪಕ್ಕದ ಮೂಳೆಯ ರಕ್ತದಿಂದ ಎಂಡ್‌ಪ್ಲೇಟ್ ದಾಟಿ ನಿಧಾನವಾಗಿ ಒಸರಿ ಬರಬೇಕು, ಒಳಗೆ ಹುಟ್ಟಿದ ಲ್ಯಾಕ್ಟಿಕ್ ಆಮ್ಲ ಅದೇ ದಾರಿಯಲ್ಲಿ ಹೊರಗೆ ಹೋಗಬೇಕು. ವಯಸ್ಸು, ಬೀಡಿ ಸಿಗರೇಟು, ಸಕ್ಕರೆ ಕಾಯಿಲೆ, ಅನುವಂಶಿಕತೆ, ಹಳೆಯ ಪೆಟ್ಟು ಇವೆಲ್ಲ ಸೇರಿ ಎಂಡ್‌ಪ್ಲೇಟ್ ಸುಣ್ಣಗಟ್ಟಿ ಗಡುಸಾದರೆ ದಾರಿ ಕಿರಿದಾಗುತ್ತದೆ. ಒಳಗೆ ಆಹಾರ ಕಡಿಮೆ, ಆಮ್ಲ ಜಾಸ್ತಿ. ಜೀವಕೋಶಗಳು ಸಾಯುತ್ತವೆ, ಉಳಿದವು ಅಗ್ರಿಕಾನ್ ಕಟ್ಟುವ ಬದಲು ಅದನ್ನು ಕತ್ತರಿಸುವ ಕಿಣ್ವಗಳನ್ನು ಬಿಡುತ್ತವೆ, ನೀರು ಇಳಿಯುತ್ತದೆ. ಎಂಆರ್‌ಐಯಲ್ಲಿ ಬಿಳಿಯಾಗಿ ಕಾಣಬೇಕಾದ ತಿರುಳು ಕಪ್ಪಾಗುವುದು ಹೀಗೆ. ಫಿರ್‌ಮನ್ ಗ್ರೇಡ್ 1ರಿಂದ 5ರವರೆಗೆ ಅಳೆಯುವುದು ಮುಖ್ಯವಾಗಿ ಈ ಕಪ್ಪನ್ನು, ಜೊತೆಗೆ ಡಿಸ್ಕಿನ ಎತ್ತರವನ್ನು.

ಈಗ ಆ ಕಪ್ಪಾದ ಡಿಸ್ಕಿಗೆ ಹೊಸ ಜೀವಕೋಶ ಹಾಕುತ್ತೇವೆ ಅನ್ನಿ. ಹಾಕಿದ ಪ್ರತಿಯೊಂದು ಜೀವಕೋಶಕ್ಕೂ ಗ್ಲುಕೋಸ್ ಬೇಕು. ಬರುವ ದಾರಿ ಮಾತ್ರ ಅಷ್ಟೇ ಕಿರಿದು. ತೋಟದಲ್ಲಿ ಸೊಪ್ಪು ಸಾಲದೆ ಹುಳು ಸೊರಗಿರುವ ಮನೆಗೆ ಇನ್ನೂ ನೂರು ಮೊಟ್ಟೆಯ ಹುಳು ತಂದು ಬಿಟ್ಟರೆ ಏನಾಗುತ್ತದೆ ಎಂದು ನಿಮಗೆ ಯಾರೂ ಹೇಳಿಕೊಡಬೇಕಿಲ್ಲ. ಈ ಕ್ಷೇತ್ರದ ಮೂಲ ತೊಡಕು ಇದೇ. ಆದ್ದರಿಂದಲೇ ಡಿಸ್ಕ್ ತೀರಾ ಕುಸಿದವರನ್ನು, ಚಿಕಿತ್ಸೆ ಫಲಿಸುತ್ತದೆಯೇ ಎಂದು ರೋಗಿಗಳ ಮೇಲೆ ನಡೆಸುವ ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಸೇರಿಸಿಕೊಳ್ಳುವುದಿಲ್ಲ. ಎತ್ತರ ಇನ್ನೂ ಉಳಿದಿರುವ, ಮಧ್ಯಮ ಸವೆತದ ಒಂದೇ ಡಿಸ್ಕಿನವರನ್ನು ಆರಿಸಿಕೊಳ್ಳುತ್ತಾರೆ. ಗ್ರೇಡ್ 4 ಎಂದರೆ ತಿರುಳಿಗೂ ಉಂಗುರಕ್ಕೂ ಗಡಿಯೇ ಕಾಣದ ಹಂತ. ಯಾವ ಎಂಡ್‌ಪ್ಲೇಟ್ ಎಷ್ಟು ಮುಚ್ಚಿದೆ ಎಂದು ನೋಡದೆ ಎರಡೂ ಡಿಸ್ಕಿಗೆ ಒಟ್ಟಿಗೆ ಚುಚ್ಚುತ್ತೇವೆ ಎನ್ನುವವರು ಈ ಲೆಕ್ಕವನ್ನೇ ಹಾಕಿಲ್ಲ.

ದೊಡ್ಡ ಪರೀಕ್ಷೆಗಳು ಏನು ಹೇಳಿದವು? ಆಸ್ಟ್ರೇಲಿಯಾ ಮೂಲದ ಮೆಸೊಬ್ಲಾಸ್ಟ್ ಕಂಪನಿ ದಾನಿಗಳ ಅಸ್ಥಿಮಜ್ಜೆಯಿಂದ ಬೆಳೆಸಿದ ಜೀವಕೋಶಗಳನ್ನು 404 ಮಂದಿಯ ಮೂರನೇ ಹಂತದ ಪರೀಕ್ಷೆಯಲ್ಲಿ ಕೊಟ್ಟು ನೋಡಿತು. ಒಂದು ಗುಂಪಿಗೆ 60 ಲಕ್ಷ ಜೀವಕೋಶ, ಇನ್ನೊಂದಕ್ಕೆ ಅಷ್ಟೇ ಜೀವಕೋಶದ ಜೊತೆ ಹಯಲುರಾನಿಕ್ ಆಮ್ಲ (ಕೀಲುಗಳಲ್ಲೂ ಇರುವ ಲೋಳೆಯಂಥ ವಸ್ತು), ಮೂರನೆಯದಕ್ಕೆ ಬರೀ ಸಲೈನ್. 2021ರ ಫೆಬ್ರುವರಿಯಲ್ಲಿ ಫಲಿತಾಂಶ ಬಂತು. ನೋವು, ಓಡಾಟ ಎರಡನ್ನೂ ಸೇರಿಸಿ ಮೊದಲೇ ನಿಗದಿ ಮಾಡಿದ್ದ ಮುಖ್ಯ ಗುರಿ ಮುಟ್ಟಲಿಲ್ಲ. ಹಯಲುರಾನಿಕ್ ಆಮ್ಲದ ಜೊತೆ ಕೊಟ್ಟವರಲ್ಲಿ, ಅದರಲ್ಲೂ ನೋವು ಶುರುವಾಗಿ ಬಹಳ ವರ್ಷ ಆಗದವರಲ್ಲಿ, ನೋವು ಸಲೈನ್ ಗುಂಪಿಗಿಂತ ಹೆಚ್ಚು ಇಳಿಯಿತು. ಆ ಸುಳಿವು ಹಿಡಿದು, ನೋವನ್ನೇ ಮುಖ್ಯ ಅಳತೆಯಾಗಿಟ್ಟು 300 ಮಂದಿಯ ಇನ್ನೊಂದು ಪರೀಕ್ಷೆ ಕೈಗೆತ್ತಿಕೊಂಡಿದ್ದಾರೆ. ಯುರೋಪಿನಲ್ಲಿ ರೆಸ್ಪೈನ್ ಎಂಬ ಹೆಸರಿನಲ್ಲಿ 114 ಮಂದಿಯ ಪರೀಕ್ಷೆ ನಡೆಯಿತು, ಒಂದು ಡಿಸ್ಕಿಗೆ 2 ಕೋಟಿ ಜೀವಕೋಶ. ನೋವು ಇಳಿಯುವುದರಲ್ಲಾಗಲಿ ಎಂಆರ್‌ಐಯಲ್ಲಿ ಡಿಸ್ಕಿನ ನೀರು ಹೆಚ್ಚುವುದರಲ್ಲಾಗಲಿ ತೋರಿಕೆಯ ಇಂಜೆಕ್ಷನ್ನಿಗಿಂತ ಅದು ಮೇಲು ಎಂದು ಸಾಬೀತಾಗಲಿಲ್ಲ. ಅದಕ್ಕೂ ಹಿಂದೆ ಸ್ಪೇನಿನಲ್ಲಿ 10 ಮಂದಿಯ ಮೇಲೆ, 24 ಮಂದಿಯ ಮೇಲೆ ಮಾಡಿದ ಸಣ್ಣ ಅಧ್ಯಯನಗಳು ಆಸೆ ಹುಟ್ಟಿಸಿದ್ದವು. ಸಣ್ಣದರಲ್ಲಿ ಕಂಡದ್ದು ದೊಡ್ಡದರಲ್ಲಿ ನಿಲ್ಲಲಿಲ್ಲ.

ಸಲೈನ್ ಹಾಕಿಸಿಕೊಂಡವರಲ್ಲೂ ಎಷ್ಟೋ ಮಂದಿಗೆ ನೋವು ಇಳಿಯುತ್ತದೆ. ಇದು ಬಹಳ ಮುಖ್ಯ. ಸೊಂಟ ನೋವು ಏರುತ್ತದೆ, ಇಳಿಯುತ್ತದೆ. ತಡೆಯಲಾಗದಷ್ಟು ಏರಿದಾಗ ಜನ ಕ್ಲಿನಿಕ್ಕಿಗೆ ಹೋಗುತ್ತಾರೆ, ಅಲ್ಲಿಂದ ಅದು ತಾನಾಗಿ ಇಳಿಯುವ ಸಂಭವವೇ ಹೆಚ್ಚು. ಜೊತೆಗೆ ಇಂಜೆಕ್ಷನ್ ಆದ ಮೇಲೆ ಭಾರ ಎತ್ತಬೇಡಿ ಎಂದು ತಿಂಗಳುಗಟ್ಟಲೆ ಹೇಳಿರುತ್ತಾರೆ. ಹಾಗಾಗಿ ಕ್ಲಿನಿಕ್ಕಿನವರು ತೋರಿಸುವ ‘ನೋವು ಹೋಯಿತು’ ಎನ್ನುವ ವಿಡಿಯೊ ಸುಳ್ಳೇ ಆಗಿರಬೇಕಿಲ್ಲ. ಅದು ಜೀವಕೋಶದಿಂದಲೇ ಹೋಯಿತು ಎನ್ನುವುದಕ್ಕೆ ಸಾಕ್ಷಿ ಮಾತ್ರ ಅಲ್ಲ.

ಇನ್ನು ‘ಅದೇ ದಿನ’ ಎಂಬ ಮಾತು. ಪರೀಕ್ಷೆಗಳಲ್ಲಿ ಜೀವಕೋಶಗಳನ್ನು ಪ್ರಯೋಗಾಲಯದಲ್ಲಿ ವಾರಗಟ್ಟಲೆ ಬೆಳೆಸಿ, ಸೋಂಕಿಲ್ಲ, ಜೀವಂತ ಇವೆ, ಬೇರೆ ಜಾತಿಯವು ಬೆರೆತಿಲ್ಲ ಎಂದು ತಪಾಸಣೆ ಮಾಡಿ, ಕಡು ಶೀತದಲ್ಲಿಟ್ಟು, ಎಣಿಸಿ ಕೊಡುತ್ತಾರೆ. ಈ ಜಾತಿಯ ಜೀವಕೋಶಕ್ಕೆ 2006ರಿಂದ ಒಂದು ಅಂತರರಾಷ್ಟ್ರೀಯ ಕನಿಷ್ಠ ಗುರುತು ಇದೆ: ಸಿಡಿ73, ಸಿಡಿ90, ಸಿಡಿ105 ಎಂಬ ಮೂರು ಗುರುತುಗಳು ಶೇ 95ಕ್ಕೂ ಹೆಚ್ಚು ಜೀವಕೋಶಗಳಲ್ಲಿ ಇರಬೇಕು, ರಕ್ತಕೋಶಗಳ ಗುರುತು ಶೇ 2ನ್ನು ಮೀರಬಾರದು. ಅದೇ ದಿನದ ವಿಧಾನದಲ್ಲಿ ಸೊಂಟದ ಹಿಂಬದಿಯ ಮೂಳೆಯಿಂದ ಸುಮಾರು 60 ಮಿಲಿಲೀಟರ್ ಮಜ್ಜೆ ಎಳೆದು, ಯಂತ್ರದಲ್ಲಿ ತಿರುಗಿಸಿ, ಮಧ್ಯದ ಪದರವನ್ನು ತೆಗೆದು ಚುಚ್ಚುತ್ತಾರೆ. ಮಜ್ಜೆಯ ಜೀವಕೋಶಗಳಲ್ಲಿ ನಿಮಗೆ ಹೇಳಿರುವ ಆ ಸ್ಟೆಮ್ ಸೆಲ್ ಇರುವುದು ಶೇ 0.001ರಿಂದ 0.01. ಎಂದರೆ ಹತ್ತು ಸಾವಿರಕ್ಕೆ ಒಂದು, ಇಲ್ಲವೇ ಲಕ್ಷಕ್ಕೆ ಒಂದು. ಅಷ್ಟೂ ಮಜ್ಜೆಯಿಂದ ಸಿಗುವುದು ಕೆಲವು ಸಾವಿರ, ಬಹಳ ಆದರೆ ಒಂದೂವರೆ ಲಕ್ಷ. ಪರೀಕ್ಷೆಗಳಲ್ಲಿ ಒಂದೇ ಡಿಸ್ಕಿಗೆ 60 ಲಕ್ಷ, 2 ಕೋಟಿ ಕೊಟ್ಟೂ ಫಲ ಖಚಿತವಾಗಲಿಲ್ಲ. ಉಳಿದದ್ದೆಲ್ಲ ರಕ್ತಕೋಶ, ಪ್ಲೇಟ್‌ಲೆಟ್. ಹೊಟ್ಟೆಯ ಕೊಬ್ಬಿನಿಂದ ತೆಗೆಯುತ್ತೇವೆ, ಎಕ್ಸೊಸೋಮ್ (ಜೀವಕೋಶಗಳು ಹೊರಬಿಡುವ ಅತಿ ಸಣ್ಣ ಚೀಲಗಳು) ಕೊಡುತ್ತೇವೆ ಎನ್ನುವವರ ಬಗ್ಗೆಯೂ ಇದೇ ಎಚ್ಚರ ಇರಲಿ.

ಚುಚ್ಚುವುದರಿಂದ ನಷ್ಟವೇನು, ಹೋದರೆ ದುಡ್ಡು ತಾನೇ ಎಂದು ಕೆಲವರು ಕೇಳುತ್ತಾರೆ. ನಷ್ಟವಿದೆ. ರೋಗಿಯನ್ನು ಬೋರಲು ಮಲಗಿಸಿ, ಸಿ-ಆರ್ಮ್ ಎಕ್ಸ್‌ರೇ ನೋಡುತ್ತಾ, ನರ ಮತ್ತು ಮೂಳೆಯ ಕೀಲಿನ ನಡುವಿನ ಸಣ್ಣ ತ್ರಿಕೋನ ಜಾಗದಿಂದ 22 ಅಥವಾ 25 ಗೇಜಿನ ಸೂಜಿಯನ್ನು ತಿರುಳಿನ ಮಧ್ಯಕ್ಕೆ ತಲುಪಿಸಬೇಕು. ಡಿಸ್ಕ್ ಹಿಡಿಯುವುದು ಒಂದೆರಡು ಮಿಲಿಲೀಟರ್ ಅಷ್ಟೇ. ಒತ್ತಡ ಹೆಚ್ಚಾದರೆ, ಉಂಗುರದಲ್ಲಿ ಬಿರುಕಿದ್ದರೆ, ಹಾಕಿದ್ದು ಸೂಜಿಯ ದಾರಿಯಲ್ಲೇ ಹೊರಬರುತ್ತದೆ. 2012ರಲ್ಲಿ ಪ್ರಕಟವಾದ ಮೊಲಗಳ ಅಧ್ಯಯನದಲ್ಲಿ ಹಾಗೆ ಸೋರಿದ ಜೀವಕೋಶಗಳಿಂದ ಡಿಸ್ಕಿನ ಅಂಚಿನಲ್ಲಿ ಹೊಸ ಮೂಳೆ ಮೊಳೆಯಿತು. ತಿರುಳಿನಲ್ಲಿ ಹುಡುಕಿದರೆ ಅವು ಇರಲಿಲ್ಲ. ಸೂಜಿಯ ಗಾಯವೂ ಲೆಕ್ಕಕ್ಕಿದೆ. ಪರೀಕ್ಷೆಗೆಂದು ಡಿಸ್ಕಿಗೆ ಬಣ್ಣದ ದ್ರವ ಚುಚ್ಚಿಸಿಕೊಂಡವರನ್ನು ಹತ್ತು ವರ್ಷದ ನಂತರ ನೋಡಿದ ಅಧ್ಯಯನ 2009ರಲ್ಲಿ ಬಂತು: ಚುಚ್ಚಿದ ಡಿಸ್ಕುಗಳಲ್ಲಿ ಶೇ 35 ಇನ್ನಷ್ಟು ಸವೆದಿದ್ದವು, ಚುಚ್ಚದವರಲ್ಲಿ ಶೇ 14. ಎಲ್ಲಕ್ಕಿಂತ ಕೆಟ್ಟದ್ದು ಸೋಂಕು. ಅಪರೂಪ, ಆದರೆ ರಕ್ತವೇ ಹೋಗದ ಜಾಗಕ್ಕೆ ಔಷಧ ಸರಿಯಾಗಿ ತಲುಪುವುದಿಲ್ಲ, ಆರು ವಾರ ಆಂಟಿಬಯೋಟಿಕ್ ಕೊಡಬೇಕಾಗಬಹುದು, ಕೆಲವೊಮ್ಮೆ ಶಸ್ತ್ರಚಿಕಿತ್ಸೆ.

ಕಾನೂನಿನ ಮಾತು ಚಿಕ್ಕದಾಗಿ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ಮಾರ್ಗಸೂಚಿ ಪ್ರಕಾರ ದಿನನಿತ್ಯದ ಚಿಕಿತ್ಸೆಯಾಗಿ ಒಪ್ಪಿರುವುದು ರಕ್ತದ ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆ ಕಸಿಯಂಥದ್ದನ್ನು ಮಾತ್ರ. ಬೇರೆ ಯಾವ ಕಾಯಿಲೆಗೆ ಸ್ಟೆಮ್ ಸೆಲ್ ಕೊಟ್ಟರೂ ಅದು ಅನುಮತಿ ಪಡೆದ ಪರೀಕ್ಷೆಯ ಒಳಗೇ ಇರಬೇಕು, ಹೊರಗೆ ಕೊಟ್ಟರೆ ಅದನ್ನು ವೈದ್ಯಕೀಯ ದುರ್ನಡತೆ ಎಂದೇ ಆ ಮಾರ್ಗಸೂಚಿ ಕರೆಯುತ್ತದೆ. ಆಮೇಲೆ ಕೆಲವು ಉತ್ಪನ್ನಗಳಿಗೆ ಒಪ್ಪಿಗೆ ಸಿಕ್ಕಿದೆ. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ತಯಾರಿಸಿದ ಜೀವಕೋಶಕ್ಕೆ ಕಾಲಿನ ರಕ್ತನಾಳದ ಕಾಯಿಲೆಗೂ, 2022ರಲ್ಲಿ ಮಂಡಿ ಸವೆತಕ್ಕೂ ಔಷಧ ನಿಯಂತ್ರಕರ ಅನುಮತಿ ಬಂದಿದೆ. ಇದನ್ನೇ ತೋರಿಸಿ ‘ಸರ್ಕಾರದ ಒಪ್ಪಿಗೆ ಇದೆ’ ಎಂದರೆ ನಂಬಬೇಡಿ. ಆ ಒಪ್ಪಿಗೆ ಮಂಡಿಗೆ ಬಂದದ್ದು, ಡಿಸ್ಕಿಗಲ್ಲ.

ನಿಜವಾದ ಪರೀಕ್ಷೆ ಆದರೆ ಗುರುತಿಸುವುದು ಸುಲಭ. ಸಿಟಿಆರ್‌ಐ, ಅಂದರೆ ದೇಶದ ಚಿಕಿತ್ಸಾ ಪರೀಕ್ಷೆಗಳ ದಾಖಲೆ ಪಟ್ಟಿಯ, ನೋಂದಣಿ ಸಂಖ್ಯೆ ಕೇಳಿ. ಅದು ‘ಸಿಟಿಆರ್‌ಐ’ ಎಂದು ಶುರುವಾಗಿ ಆಮೇಲೆ ವರ್ಷ, ತಿಂಗಳು, ಒಂದು ಅಂಕಿ ಇರುತ್ತದೆ. ಸರ್ಕಾರದ ಆ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು, ಓದುವ ಮಗನೋ ಮಗಳೋ ಮೊಬೈಲಿನಲ್ಲೇ ತೆಗೆದುಕೊಡುತ್ತಾರೆ. ಅಲ್ಲಿ ‘ಡಿಸ್ಕ್’ ಎಂದೇ ಇದೆಯೇ, ಇದೇ ಆಸ್ಪತ್ರೆಯ ಹೆಸರು ಇದೆಯೇ ನೋಡಿ. ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯ ಅನುಮತಿ ಪತ್ರ, ನೈತಿಕ ಸಮಿತಿಯ ನೋಂದಣಿ ಕೇಳಿ. ಒಪ್ಪಿಗೆ ಪತ್ರ ಕನ್ನಡದಲ್ಲಿ ಕೊಡಬೇಕು, ಮನೆಗೆ ತಂದು ಓದಲು ಬಿಡಬೇಕು. ಪರೀಕ್ಷೆಯಲ್ಲಿ ಸೇರುವವರು ಆ ಜೀವಕೋಶಕ್ಕೆ ದುಡ್ಡು ಕೊಡಬೇಕಿಲ್ಲ. ತೊಂದರೆಯಾದರೆ ಚಿಕಿತ್ಸೆ, ಪರಿಹಾರ ಎರಡೂ ಪರೀಕ್ಷೆ ನಡೆಸುವವರ ಹೊಣೆ ಎಂದು 2019ರ ನಿಯಮ ಹೇಳುತ್ತದೆ. ಮೂರು ಲಕ್ಷ ಕೇಳಿದರು ಎಂದರೆ ಅದು ಪರೀಕ್ಷೆಯಲ್ಲ.

ಈಗ ನಿಮ್ಮ ಸೊಂಟಕ್ಕೆ ಬರೋಣ. ನಿಮ್ಮ ಎಂಆರ್‌ಐ ಭಯ ಹುಟ್ಟಿಸುವಂಥದ್ದಲ್ಲ. ನೋವೇ ಇಲ್ಲದ 3,110 ಮಂದಿಯ ಚಿತ್ರಗಳನ್ನು ಸೇರಿಸಿ ನೋಡಿದ 2015ರ ವಿಶ್ಲೇಷಣೆಯಲ್ಲಿ 40ರ ಪ್ರಾಯದವರಲ್ಲಿ ಶೇ 68 ಮಂದಿಗೆ ಡಿಸ್ಕ್ ಸವೆತ, ಶೇ 50 ಮಂದಿಗೆ ಬಲ್ಜ್ ಕಂಡಿತು. ಸವೆತ ಕಂಡ ಮಾತ್ರಕ್ಕೆ ನೋವು ಅದರಿಂದಲೇ ಎನ್ನಲಾಗದು. ನಿಮ್ಮ ನೋವು ಭಾರಕ್ಕೆ ಏರಿ ಮಲಗಿದರೆ ಇಳಿಯುತ್ತದೆ, ಇದು ಯಾಂತ್ರಿಕ ನೋವಿನ ಲಕ್ಷಣ. ಕೈಯಲ್ಲಿ ಮಾಡಬಹುದಾದದ್ದು ಬಹಳ ಇದೆ.

ಭಾರದ ಲೆಕ್ಕ ನೋಡಿ. ಜರ್ಮನಿಯಲ್ಲಿ ಒಬ್ಬ ಸ್ವಯಂಸೇವಕನ ಎಲ್4–ಎಲ್5 ಡಿಸ್ಕಿನೊಳಗೇ ಒತ್ತಡಮಾಪಕ ಇಟ್ಟು ಅಳೆದದ್ದು 1999ರಲ್ಲಿ ಪ್ರಕಟವಾಯಿತು. ಸುಮ್ಮನೆ ನಿಂತಾಗ ಚದರ ಸೆಂಟಿಮೀಟರಿಗೆ ಸುಮಾರು 5 ಕೆ.ಜಿ. ಬೆನ್ನು ಬಗ್ಗಿಸಿ 20 ಕೆ.ಜಿ. ಎತ್ತಿದಾಗ 23 ಕೆ.ಜಿ. ಮಂಡಿ ಮಡಿಸಿ ಎತ್ತಿದಾಗ 17. ಅದೇ ಭಾರವನ್ನು ಎದೆಗೆ ಅವಚಿ ಹಿಡಿದು ನಿಂತಾಗ 11. ಎಂದರೆ ನಿಮ್ಮ ಡಿಸ್ಕಿಗೆ ಹೊರೆಯ ತೂಕಕ್ಕಿಂತ ಅದು ಮೈಯಿಂದ ಎಷ್ಟು ದೂರ ಇದೆ ಎನ್ನುವುದು ದೊಡ್ಡ ವಿಷಯ. ಹೊರೆಯನ್ನು ನೆಲದಿಂದ ಎತ್ತಬೇಡಿ. ಬದುವಿನ ಮೇಲೋ ಕಟ್ಟೆಯ ಮೇಲೋ ಇಟ್ಟು ಕಟ್ಟಿ, ಅಲ್ಲಿಂದ ಹೆಗಲಿಗೆ ತೆಗೆದುಕೊಳ್ಳಿ. ದೊಡ್ಡ ಹೊರೆ ಒಂದರ ಬದಲು ಸಣ್ಣವು ಎರಡು ಮಾಡಿ. ಹುಳು ಮನೆಯ ಸ್ಟ್ಯಾಂಡಿನ ಕೆಳ ಅಂತಸ್ತಿಗೆ ಸೊಪ್ಪು ಹಾಕುವಾಗ ಸೊಂಟ ಬಗ್ಗಿಸುವ ಬದಲು ಒಂದು ಮಂಡಿ ನೆಲಕ್ಕೆ ಊರಿ. ಹುಳು ಗೂಡು ಕಟ್ಟುವ ಚಂದ್ರಿಕೆ ಎತ್ತುವುದಿದ್ದರೆ ಇಬ್ಬರು ಹಿಡಿಯಿರಿ, ಎತ್ತಿ ತಿರುಗುವಾಗ ಸೊಂಟ ತಿರುಚದೆ ಪಾದ ತಿರುಗಿಸಿ.

ಇನ್ನೊಂದು ವಿಷಯ ರೇಷ್ಮೆಯವರಿಗೇ ವಿಶೇಷವಾಗಿ ತಾಕುವಂಥದ್ದು. ರಾತ್ರಿ ಮಲಗಿದಾಗ ಡಿಸ್ಕ್ ನೀರು ಹೀರಿ ಉಬ್ಬುತ್ತದೆ; ಎದ್ದ ಮೇಲಿನ ಮೊದಲ ಗಂಟೆಯಲ್ಲೇ ಆ ನೀರಿನ ದೊಡ್ಡ ಪಾಲು ಇಳಿಯುತ್ತದೆ. ಉಬ್ಬಿರುವಾಗ ಬಗ್ಗಿದರೆ ಉಂಗುರದ ಹಿಂಬದಿಗೆ ಬೀಳುವ ಎಳೆತ ಹೆಚ್ಚು. ಎದ್ದ ಮೇಲೆ ಎರಡು ಗಂಟೆ ಸೊಂಟ ಬಗ್ಗಿಸದಂತೆ ಕಲಿಸಿದ ಅಮೆರಿಕದ ಅಧ್ಯಯನದಲ್ಲಿ ಹಳೆಯ ಸೊಂಟ ನೋವಿನ ದಿನಗಳು ಕಡಿಮೆಯಾದವು. ನಮ್ಮಲ್ಲಿ ಸೊಪ್ಪು ಕೊಯ್ಯುವುದೇ ಬೆಳಗಿನ ತಂಪಿನಲ್ಲಿ, ಹಾಸಿಗೆಯಿಂದ ಎದ್ದು ನೇರ ತೋಟಕ್ಕೆ. ಕೊಯ್ಲನ್ನು ಸಂಜೆಗೆ ಹೆಚ್ಚು ವರ್ಗಾಯಿಸಿ, ಒದ್ದೆ ಗೋಣಿಯಲ್ಲಿ ಮುಚ್ಚಿಡಿ. ಬೆಳಗ್ಗೆ ಕೊಯ್ಯಲೇಬೇಕಾದರೆ ಅರ್ಧ ಗಂಟೆ ಓಡಾಡಿ ಆಮೇಲೆ ಹೋಗಿ, ಬುಡದ ಕೊಯ್ಲನ್ನು ಬೇರೆಯವರಿಗೆ ಬಿಡಿ. ಹುಳು ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ಮೇಲಿನ ಏಳೆಂಟು ದಿನ, ಬೆಳೆಯ ಸೊಪ್ಪಿನ ಬಹುಪಾಲು ತಿನ್ನುವ ಹೊತ್ತು. ಆ ವಾರಕ್ಕೆ ಒಂದು ಆಳು ಹೆಚ್ಚು ಇಟ್ಟುಕೊಳ್ಳಿ. ಎತ್ತಿಟ್ಟ ಮೂರು ಲಕ್ಷದಲ್ಲಿ ಇದಕ್ಕೆ ಹೋಗುವುದು ಸಣ್ಣ ಪಾಲು.

ನಡಿಗೆ ಔಷಧ. ಸೊಂಟ ನೋವಿನಿಂದ ಆಗಷ್ಟೇ ಚೇತರಿಸಿಕೊಂಡ 701 ಮಂದಿಯ ಆಸ್ಟ್ರೇಲಿಯಾದ ಪರೀಕ್ಷೆ 2024ರಲ್ಲಿ ಪ್ರಕಟವಾಯಿತು. ಫಿಸಿಯೊಥೆರಪಿಸ್ಟರ ಮಾರ್ಗದರ್ಶನದಲ್ಲಿ ನಡೆದವರಿಗೆ ನೋವು ಮರಳಲು ಮಧ್ಯಮಾಂಕ 208 ದಿನ ಹಿಡಿಯಿತು, ಉಳಿದವರಿಗೆ 112. ಅವರ ಗುರಿ ವಾರಕ್ಕೆ ಐದು ಸಲ, ಅರ್ಧ ಗಂಟೆ. ಅಲ್ಲಿಗೆ ಆರು ತಿಂಗಳಲ್ಲಿ ತಲುಪುವುದು. ನೀವು ಹತ್ತು ನಿಮಿಷದಿಂದ ಶುರು ಮಾಡಿ. ಹುಳು ಮನೆಯ ಓಡಾಟ ಇದಕ್ಕೆ ಲೆಕ್ಕವಲ್ಲ, ಅದು ನಿಂತು ಬಗ್ಗುವ ಕೆಲಸ. ಜೊತೆಗೆ ಬೆನ್ನಿನ ಸ್ನಾಯುಗಳಿಗೆ ವ್ಯಾಯಾಮ: ಕೈ, ಮಂಡಿ ನೆಲಕ್ಕೆ ಊರಿ, ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ ಚಾಚಿ 10 ಸೆಕೆಂಡ್ ಹಿಡಿಯುವುದು, ಆಮೇಲೆ ಬದಲಿಸುವುದು. ಮೊದಲು ಆರು ಸಲ, ಬಿಡುವು ಕೊಟ್ಟು ನಾಲ್ಕು, ಮತ್ತೆ ಎರಡು. ಸೊಂಟ ಜೋತುಬಿದ್ದರೆ ಅಥವಾ ಓರೆಯಾದರೆ ಸಮಯ ಕಡಿಮೆ ಮಾಡಿ. ಬಗ್ಗಿ ಕಾಲಿನ ಬೆರಳು ಮುಟ್ಟುವ ವ್ಯಾಯಾಮ ಸದ್ಯಕ್ಕೆ ಬೇಡ. ಬೆಲ್ಟನ್ನು ಭಾರ ಎತ್ತುವ ಹೊತ್ತಿಗೆ ಮಾತ್ರ ಕಟ್ಟಿ. ನೋವು ಎಂದಾಗಲೆಲ್ಲ ಡೈಕ್ಲೊಫೆನಾಕ್ ಇಂಜೆಕ್ಷನ್ ಹಾಕಿಸಿಕೊಳ್ಳುವ ಅಭ್ಯಾಸವಿದ್ದರೆ ನಿಲ್ಲಿಸಿ, ಕಿಡ್ನಿ ಮತ್ತು ಹೊಟ್ಟೆಗೆ ಅದು ಹೊರೆ. ಬೀಡಿ ಇದ್ದರೆ ಬಿಡಿ. ಎಂಡ್‌ಪ್ಲೇಟಿಗೆ ಬರುವ ರಕ್ತವನ್ನೇ ಅದು ಕಡಿಮೆ ಮಾಡುತ್ತದೆ.

ನಮ್ಮ ಸೀಮೆಯಲ್ಲಿ ಒಂದನ್ನು ಮರೆಯಬಾರದು. ಚಿಕ್ಕಬಳ್ಳಾಪುರ, ಕೋಲಾರ, ತುಮಕೂರಿನ ಪಾವಗಡ ಕಡೆಯ ಆಳದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಬೆನ್ನಿನ ಕಟ್ಟುನಾರುಗಳು ಸುಣ್ಣಗಟ್ಟಿ ಬೆನ್ನು, ಕತ್ತು ಬಿಗಿಯಬಹುದು, ಕುಕ್ಕರಗಾಲಲ್ಲಿ ಕೂರಲು ಕಷ್ಟವಾಗಬಹುದು. ಅದನ್ನೂ ಡಿಸ್ಕ್ ಎಂದೇ ಕರೆದು ಚುಚ್ಚುವುದು ದಂಡ. ನಿಮಗೆ ಬೆಳಗ್ಗೆ ಬೆನ್ನು ಬಿಗಿತವೂ ಇದ್ದರೆ ಸೊಂಟದ ಜೊತೆ ಮುಂಗೈಯ ಎಕ್ಸ್‌ರೇ ತೆಗೆಸಲು ವೈದ್ಯರಿಗೆ ಹೇಳಿ. ಮುಂಗೈಯ ಎರಡು ಮೂಳೆಗಳ ನಡುವಿನ ಪೊರೆ ಸುಣ್ಣಗಟ್ಟಿದ್ದರೆ ಫ್ಲೋರೋಸಿಸ್ ಸಂಶಯ ಬಲವಾಗುತ್ತದೆ. ನೀರನ್ನು ಪರೀಕ್ಷೆ ಮಾಡಿಸಿ, ಕುಡಿಯಲಿಕ್ಕೂ ಅಡುಗೆಗೂ ಊರಿನ ಶುದ್ಧ ನೀರಿನ ಘಟಕದ್ದೇ ಬಳಸಿ. ಸಂಜೆ ಜ್ವರ, ತೂಕ ಇಳಿಯುವುದು, ರಾತ್ರಿ ಮಲಗಿದರೂ ಬಿಡದ ನೋವು ಇದ್ದರೆ ಬೆನ್ನುಮೂಳೆಯ ಕ್ಷಯವನ್ನು ಮೊದಲು ನೋಡಬೇಕು.

ಒಂದು ಪರೀಕ್ಷೆ ಮನೆಯಲ್ಲೇ ಮಾಡಿ. ಹಿಮ್ಮಡಿಯ ಮೇಲೆ ಹತ್ತು ಹೆಜ್ಜೆ, ತುದಿಗಾಲಲ್ಲಿ ಹತ್ತು ಹೆಜ್ಜೆ ನಡೆಯಿರಿ. ಒಂದು ಪಾದ ಏಳದಿದ್ದರೆ ನರಕ್ಕೆ ಒತ್ತಡ ಬಿದ್ದಿರಬಹುದು, ಒಂದೆರಡು ದಿನದಲ್ಲೇ ತೋರಿಸಿ. ಮೂತ್ರ ಕಟ್ಟಿದರೆ, ಗೊತ್ತಾಗದೆ ಹೋದರೆ, ಮಲದ್ವಾರದ ಸುತ್ತ, ತೊಡೆಸಂದಿಯಲ್ಲಿ ಜೋಮು ಹಿಡಿದರೆ ಬೆಳಗಾಗುವವರೆಗೂ ಕಾಯಬೇಡಿ, ಅದೇ ರಾತ್ರಿ ದೊಡ್ಡ ಆಸ್ಪತ್ರೆಗೆ ಹೊರಡಿ. ಇದ್ಯಾವುದೂ ಇಲ್ಲದೆ ಹನ್ನೆರಡು ವಾರ ಮೇಲಿನದನ್ನು ಮಾಡಿದ ಮೇಲೂ ನೋವು ಹಾಗೇ ಇದ್ದರೆ ಚಿಕ್ಕಬಳ್ಳಾಪುರದ ಜಿಲ್ಲಾಸ್ಪತ್ರೆ, ಕೋಲಾರದ ಎಸ್‌ಎನ್‌ಆರ್ ಆಸ್ಪತ್ರೆ ಅಥವಾ ಬೆಂಗಳೂರಿನ ಸಂಜಯ್ ಗಾಂಧಿ ಆಸ್ಪತ್ರೆಯ ಮೂಳೆ ವಿಭಾಗಕ್ಕೆ ಹೋಗಿ. ವರದಿಯ ಹಾಳೆ ಮಾತ್ರ ಸಾಲದು, ಎಂಆರ್‌ಐ ಫಿಲ್ಮು, ಸಿ.ಡಿ. ಎರಡನ್ನೂ ಒಯ್ಯಿರಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯ ಕೌಂಟರಿನಲ್ಲಿ ಮೊದಲೇ ವಿಚಾರಿಸಿಕೊಳ್ಳಿ.